ಅಜ್ಜಿಯ ಬಳಿ ಉಳಿದಿದ್ದ ಸಾಕ್ಷಿ

ವಿದ್ಯಾರ್ಥಿ ಮಿತ್ರರೇ, ನೀವು ಬಂಟ್ವಾಳ, ಬೆಳ್ತಂಗಡಿ ಅಥವಾ ಮೂಡುಬಿದಿರೆಯ ಕಡೆಯವರಾದರೆ, ಮದುವೆಯ ಮಾತುಕತೆಯಲ್ಲಿ ಹಿರಿಯರು ‘ಬರಿ ಯಾವುದು?’ ಎಂದು ವಿಚಾರಿಸುವುದನ್ನು ಕೇಳಿಯೇ ಇರುತ್ತೀರಿ. ಅಳಿಯಸಂತಾನದ ಸಂಪ್ರದಾಯವುಳ್ಳ ಬಂಟ, ಬಿಲ್ಲವ ಮೊದಲಾದ ಕುಟುಂಬಗಳಲ್ಲಿ ಬರಿ ಬರುವುದು ತಾಯಿಯಿಂದ. ಅಣ್ಣನಿಗೂ ತಂಗಿಗೂ ತಾಯಿಯ ಬರಿಯೇ. ಆದರೆ ಅಣ್ಣನ ಮಕ್ಕಳಿಗೆ ಅವನ ಬರಿ ಇಲ್ಲ, ಅವನ ಹೆಂಡತಿಯದು. ಮೂಡುಬಿದಿರೆಯ ಚೌಟರಲ್ಲಿ, ವೇಣೂರಿನ ಅಜಿಲರಲ್ಲಿ ಪಟ್ಟವು ಸೋದರಳಿಯನಿಗೆ ಹೋಗುತ್ತಿದ್ದುದೂ ಇದೇ ಲೆಕ್ಕದಿಂದ. ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ. ಸಾವಿರಾರು ಮೈಲಿ ದೂರದ ಅರ್ಜೆಂಟೀನದಲ್ಲಿ ಕಳವಾದ ಮಕ್ಕಳನ್ನು ಗುರುತಿಸಿದ ವಿಜ್ಞಾನ ನಿಮಗೆ ಉಳಿದವರಿಗಿಂತ ಬೇಗ ಅರ್ಥವಾದೀತು.

1976ರ ಮಾರ್ಚ್ 24ರಂದು ಜನರಲ್ ಹೋರ್ಹೆ ವಿಡೆಲಾನ ನೇತೃತ್ವದಲ್ಲಿ ಅಲ್ಲಿನ ಸೈನ್ಯ ಅಧಿಕಾರವನ್ನು ಕಿತ್ತುಕೊಂಡಿತು. 1983ರ ಡಿಸೆಂಬರ್‌ವರೆಗೆ ನಡೆದ ಆ ಆಳ್ವಿಕೆಯಲ್ಲಿ ವಿದ್ಯಾರ್ಥಿಗಳು, ಕಾರ್ಮಿಕ ಮುಖಂಡರು, ಅಧ್ಯಾಪಕರು ರಾತ್ರಿ ಮನೆಯಿಂದ ಎತ್ತಲ್ಪಟ್ಟು ಮರಳಿ ಬಾರದಾದರು. ಅವರ ಸಂಖ್ಯೆ 30,000 ಎಂದು ಮಾನವ ಹಕ್ಕು ಸಂಘಟನೆಗಳ ಲೆಕ್ಕ. ಸೆರೆಯಾದವರಲ್ಲಿ ಗರ್ಭಿಣಿಯರೂ ಇದ್ದರು. ಬ್ಯೂನಸ್ ಐರಿಸ್‌ನ ನೌಕಾದಳದ ತಾಂತ್ರಿಕ ಶಾಲೆ ಹೆಸರಿಗೆ ಮಾತ್ರ ಶಾಲೆ, ಒಳಗೆ ಅದು ಚಿತ್ರಹಿಂಸೆಯ ಸೆರೆಮನೆ. ಅಂತಹ ಕಡೆಗಳಲ್ಲಿ ಹೆರಿಗೆಯಾಗುವವರೆಗೆ ತಾಯಿಯನ್ನು ಉಳಿಸಿಕೊಂಡು, ಆಮೇಲೆ ಆಕೆಯನ್ನು ಕೊಂದು, ಮಗುವನ್ನು ಹೆಚ್ಚಾಗಿ ಸೈನ್ಯ ಅಥವಾ ಪೊಲೀಸಿನವರ ಮನೆಗೋ ಅವರ ಪರಿಚಿತರಿಗೋ ಕೊಟ್ಟುಬಿಡುತ್ತಿದ್ದರು. ಸುಳ್ಳು ಜನನಪತ್ರ, ಸುಳ್ಳು ಹೆಸರು. ಹೀಗೆ ಕಳವಾದ ಮಕ್ಕಳು ಸುಮಾರು 500 ಎಂಬ ಅಂದಾಜಿದೆ.

ಹುಡುಕಲು ಹೊರಟವರು ಯಾರು? ಅಜ್ಜಿಯಂದಿರು. 1977ರ ಏಪ್ರಿಲ್ 30ರಂದು ಕೆಲವು ತಾಯಂದಿರು ಸರ್ಕಾರಿ ಭವನದ ಎದುರಿನ ಮೇಯೋ ಚೌಕದಲ್ಲಿ ಸೇರಿದರು. ಗುಂಪಾಗಿ ನಿಲ್ಲಬಾರದು, ನಡೆಯಿರಿ ಎಂದರು ಪೊಲೀಸರು. ಅವರು ನಡೆದರು, ಚೌಕದ ಸುತ್ತಲೇ, ಪ್ರತಿ ಗುರುವಾರ! ತಲೆಗೆ ಕಟ್ಟಿಕೊಂಡದ್ದು ಮಗುವಿಗೆ ಸುತ್ತುವ ಬಿಳಿಯ ಬಟ್ಟೆ. ಅದೇ ವರ್ಷ ಅವರಲ್ಲಿ 12 ಮಂದಿ, ಕಾಣೆಯಾದ ಮೊಮ್ಮಕ್ಕಳನ್ನು ಹುಡುಕಲೆಂದೇ ಬೇರೆ ಸಂಘ ಕಟ್ಟಿದರು. ಕಾಫಿ ಹೋಟೆಲಿನಲ್ಲಿ ಹುಟ್ಟುಹಬ್ಬ ಆಚರಿಸುವ ನೆಪದಿಂದ ಕೂಡಿ ಮಾಹಿತಿ ಹಂಚಿಕೊಳ್ಳುತ್ತಿದ್ದರು.

ಮಗು ಸಿಕ್ಕಿತೆಂದೇ ಇಟ್ಟುಕೊಳ್ಳಿ. ಅದು ನಮ್ಮದೇ ಎಂದು ನ್ಯಾಯಾಲಯದಲ್ಲಿ ರುಜುವಾತು ಮಾಡುವುದು ಹೇಗೆ? ತಂದೆತಾಯಿಯರ ರಕ್ತದೊಡನೆ ಹೋಲಿಸೋಣವೆಂದರೆ ಅವರೇ ಇಲ್ಲ. ಅಜ್ಜಿಯಂದಿರು ಅಮೆರಿಕಕ್ಕೆ ಹೋಗಿ ವಿಜ್ಞಾನಿಗಳನ್ನು ಕೇಳಿದ ಪ್ರಶ್ನೆ ಇದೇ: ನಡುವಿನ ತಲೆಮಾರು ಇಲ್ಲದಿದ್ದರೂ ನಮ್ಮ ರಕ್ತ ಸಾಕ್ಷಿ ಹೇಳಬಲ್ಲುದೇ? ತಳಿವಿಜ್ಞಾನಿ ಮೇರಿ ಕ್ಲೇರ್ ಕಿಂಗ್ 1984ರಲ್ಲಿ ಅರ್ಜೆಂಟೀನಕ್ಕೆ ಬಂದರು. ಅಜ್ಜ ಅಜ್ಜಿ ನಾಲ್ವರ ರಕ್ತದ ಗುರುತುಗಳಿಂದ ಸಂಬಂಧದ ಸಂಭವವನ್ನು ಲೆಕ್ಕ ಹಾಕುವ ವಿಧಾನ ರೂಪುಗೊಂಡಿತು. ಆ ವರ್ಷವೇ ಎಂಟು ವರ್ಷದ ಹುಡುಗಿಯೊಬ್ಬಳು ಅಜ್ಜಿಯ ಮನೆಗೆ ಮರಳಿದಳು.

ಆದರೆ ನಾಲ್ವರೂ ಬದುಕಿರುವ ಮನೆಗಳು ಎಷ್ಟು? ಇಲ್ಲಿ ನೆರವಿಗೆ ಬಂದದ್ದು ಮೈಟೊಕಾಂಡ್ರಿಯ. ಜೀವಕೋಶಕ್ಕೆ ಶಕ್ತಿ ಒದಗಿಸುವ ಈ ಪುಟ್ಟ ಅಂಗಕ್ಕೆ ತನ್ನದೇ ಆದ ಡಿ.ಎನ್.ಎ. ಉಂಟು, 16,569 ಜೋಡಿ ಅಕ್ಷರಗಳ ಒಂದು ಬಳೆ. ಕೋಶಕೇಂದ್ರದ ಡಿ.ಎನ್.ಎ. ತಂದೆತಾಯಿ ಇಬ್ಬರಿಂದಲೂ ಬಂದರೆ, ಇದು ಬರುವುದು ತಾಯಿಯ ಅಂಡಾಣುವಿನಿಂದ ಮಾತ್ರ. ಮಗನಿಗೂ ಮಗಳಿಗೂ ಸಿಗುತ್ತದೆ, ಮುಂದಕ್ಕೆ ದಾಟಿಸುವವಳು ಮಗಳೇ. ನಿಮ್ಮ ಬರಿಯ ಲೆಕ್ಕವೇ ಅಲ್ಲವೇ? ಹಾಗಾಗಿ ತಾಯಿಯ ತಾಯಿ ತೀರಿಕೊಂಡಿದ್ದರೂ ಚಿಂತೆಯಿಲ್ಲ. ದೊಡ್ಡಮ್ಮ, ಚಿಕ್ಕಮ್ಮ ಅಥವಾ ಸೋದರಮಾವ ಒಬ್ಬರಿದ್ದರೆ ಸಾಕು. ಬರಿಯು ಜನ ಕಟ್ಟಿಕೊಂಡ ಪದ್ಧತಿ, ಇದು ದೇಹದ ನಿಯಮ ಎಂಬ ವ್ಯತ್ಯಾಸವನ್ನು ಮಾತ್ರ ಮರೆಯಬೇಡಿ. ಸಂಬಂಧವಿಲ್ಲದ ಇಬ್ಬರಲ್ಲಿಯೂ ಇದು ಹೊಂದಿಕೊಳ್ಳಬಹುದಾದ್ದರಿಂದ ಬೇರೆ ಗುರುತುಗಳನ್ನೂ ನೋಡಲೇಬೇಕು. ತಂದೆಯ ಕಡೆಯನ್ನು ತಿಳಿಯಲಂತೂ ಬೇರೆ ಪರೀಕ್ಷೆಗಳೇ ಬೇಕು. 1987ರಲ್ಲಿ ಕಾನೂನಿನ ಮೂಲಕ ಸ್ಥಾಪನೆಯಾದ ರಾಷ್ಟ್ರೀಯ ತಳಿ ದತ್ತಾಂಶ ಭಂಡಾರದಲ್ಲಿ ಹುಡುಕುತ್ತಿರುವ ಕುಟುಂಬಗಳ ರಕ್ತದ ಮಾದರಿಗಳನ್ನು ಕಾಪಿಡಲಾಯಿತು. ಅಜ್ಜಿ ಹೋದರೂ ಸಾಕ್ಷಿ ಉಳಿಯಿತು.

ಮಕ್ಕಳು ಬೆಳೆದು ದೊಡ್ಡವರಾದ ಮೇಲೆ ಸಮಸ್ಯೆ ಬೇರೆ ರೂಪ ತಾಳಿತು. ಇಪ್ಪತ್ತು ಮೂವತ್ತು ವರ್ಷ ‘ಅಪ್ಪ’ ಎಂದು ಕರೆದವನು ತನ್ನ ಹೆತ್ತವರನ್ನು ಕೊಂದವರ ಸಂಗಡಿಗನೆಂದು ತಿಳಿದರೆ ಮನುಷ್ಯನಿಗೆ ಏನಾದೀತು ಯೋಚಿಸಿ. ತನ್ನ ಹೆಸರು ಸುಳ್ಳು, ಹುಟ್ಟಿದ ದಿನವೂ ಸುಳ್ಳು. ಸಾಕಿದವರಿಗೆ ಏನೂ ಗೊತ್ತಿಲ್ಲದ ಮನೆಗಳೂ ಇದ್ದವು. ಸಂಶಯ ಬಂದು ತಾವಾಗಿಯೇ ರಕ್ತ ಕೊಟ್ಟವರಿದ್ದಾರೆ, ಬೇಡವೆಂದು ನಿರಾಕರಿಸಿದವರೂ ಇದ್ದಾರೆ. ನಿರಾಕರಿಸಿದವರ ಬಟ್ಟೆ, ಹಲ್ಲುಜ್ಜುವ ಬ್ರಷ್ಷುಗಳಿಂದ ನ್ಯಾಯಾಲಯ ಮಾದರಿ ತೆಗೆಸಿದ್ದುಂಟು. ಇದು ಸರಿಯೇ? ಅಪರಾಧದ ತನಿಖೆ ನಿಲ್ಲಬಾರದೆಂಬುದು ನಿಜ. ಆದರೂ ಈ ಪ್ರಶ್ನೆಗೆ ಥಟ್ಟನೆ ಉತ್ತರ ಹೇಳುವ ಧೈರ್ಯ ನನಗಿಲ್ಲ. ನಿಮ್ಮ ತರಗತಿಯಲ್ಲಿ ಚರ್ಚಿಸಿ ನೋಡಿ.

ಅಜ್ಜಿಯಂದಿರ ಒತ್ತಾಯದ ಫಲವಾಗಿಯೇ 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 8ನೆಯ ವಿಧಿಯಲ್ಲಿ, ಮಗುವಿಗೆ ತನ್ನ ಗುರುತನ್ನು ಉಳಿಸಿಕೊಳ್ಳುವ ಹಕ್ಕು ಸೇರಿತು. ಭಾರತ 1992ರಲ್ಲಿ ಅದನ್ನು ಒಪ್ಪಿತು. ಮಕ್ಕಳ ಕಳವು ಯೋಜಿತ ಕೃತ್ಯವೇ ಎಂದು ತೀರ್ಮಾನಿಸಿದ ನ್ಯಾಯಾಲಯ 2012ರಲ್ಲಿ ವಿಡೆಲಾನಿಗೆ 50 ವರ್ಷಗಳ ಶಿಕ್ಷೆ ವಿಧಿಸಿತು. ಮರುವರ್ಷ ಅವನು ಸೆರೆಯಲ್ಲೇ ಸತ್ತ.

ಸಂಘದ ಅಧ್ಯಕ್ಷೆ ಎಸ್ಟೆಲಾ ದೆ ಕಾರ್ಲೊಟ್ಟೊ ಅವರ ಮಗಳು ಲಾರಾಳನ್ನು 1978ರಲ್ಲಿ, ಹೆರಿಗೆಯಾದ ಎರಡು ತಿಂಗಳಿಗೆ ಕೊಂದರು. ಇತರರ ಮೊಮ್ಮಕ್ಕಳನ್ನು ಒಬ್ಬೊಬ್ಬರಾಗಿ ಹುಡುಕಿಕೊಟ್ಟ ಎಸ್ಟೆಲಾರಿಗೆ ತಮ್ಮವನು ಸಿಕ್ಕಿದ್ದು 2014ರಲ್ಲಿ, 36 ವರ್ಷಗಳ ಮೇಲೆ. ಸಂಗೀತಗಾರನಾಗಿದ್ದ ಆತ ಸಂಶಯ ಬಂದು ತಾನೇ ರಕ್ತ ಕೊಟ್ಟಿದ್ದ. ಪತ್ತೆಯಾದವರಲ್ಲಿ ಅವನು 114ನೆಯವನು.

2025ರ ಜುಲೈ ವೇಳೆಗೆ ಈ ಸಂಖ್ಯೆ 140ಕ್ಕೆ ಏರಿತ್ತು. ಉಳಿದವರು ಈಗ ಐವತ್ತರ ಅಂಚಿನಲ್ಲಿದ್ದಾರೆ, ತಮ್ಮ ಮಕ್ಕಳೊಡನೆ ಎಲ್ಲಿಯೋ ಸುಳ್ಳು ಹೆಸರಿನಲ್ಲಿ ಬಾಳುತ್ತಿದ್ದಾರೆ. ಹಾಗೆ ಕಳವಾದ ಹೆಣ್ಣುಮಗುವಿಗೆ ಒಬ್ಬ ಮಗಳಿದ್ದರೆ, ಆ ಮಗಳಲ್ಲಿರುವುದೂ ಮುತ್ತಜ್ಜಿಯ ಮೈಟೊಕಾಂಡ್ರಿಯವೇ.