ಕೃತಕ ಮುತ್ತುಗಳೂ ಮಾರಾಟದ ಹೆಸರುಗಳೂ

ಬಡಗುತಿಟ್ಟಿನ ವೇಷಧಾರಿಯ ಎದೆಕಟ್ಟು, ಭುಜಕೀರ್ತಿಗಳು ಹಗುರವಾದ ಮರದವು. ಅವುಗಳ ಮೇಲಣ ಬೇಗಡೆಯನ್ನು ಬ್ರಹ್ಮಾವರ, ಕುಂದಾಪುರ, ಬೈಂದೂರುಗಳ ಯಾವ ಪ್ರೇಕ್ಷಕನೂ ಚಿನ್ನವೆಂದು ಭ್ರಮಿಸುವುದಿಲ್ಲ. ಆದುದರಿಂದ ಅನುಕರಣವು ಸ್ವತಃ ದೋಷವಲ್ಲ. ಅದಕ್ಕೆ ಸಲ್ಲದ ಹೆಸರಿಟ್ಟು ಮಾರುವುದು ದೋಷ. ಮುತ್ತಿನ ವ್ಯಾಪಾರದಲ್ಲಿ ಇದಕ್ಕೆ ಅವಕಾಶ ಹೆಚ್ಚು.

ಸಹಜ ಮುತ್ತೂ ಸಾಕಿದ ಮುತ್ತೂ ಚಿಪ್ಪಿನ ಜೀವಿಯು ಪದರಪದರವಾಗಿ ಸ್ರವಿಸಿದ ದ್ರವ್ಯದಿಂದಲೇ ಆದವು. ಎರಡನೆಯದರಲ್ಲಿ ಮನುಷ್ಯನದು ಪ್ರೇರಣೆ ಮಾತ್ರ. ಭಾರತದಲ್ಲಿ ಕಡಲಮುತ್ತಿನ ಸಾಕಣೆ 1973ರಲ್ಲಿ ತೂತ್ತುಕುಡಿಯಲ್ಲಿ ಸಿದ್ಧಿಸಿತು. ಕೃತಕ ಮುತ್ತಾದರೋ ಗಾಜಿನ ಅಥವಾ ಪ್ಲಾಸ್ಟಿಕ್ಕಿನ ಮಣಿಗೆ ಹೊಳಪಿನ ಲೇಪ ಕೊಟ್ಟದ್ದು. ಮೀನಿನ ಹುರುಪೆಯ ಸತ್ತ್ವದಿಂದ ಮಾಡಿದ ಲೇಪವು ಹಳೆಯ ಪದ್ಧತಿ. ಸಾಕಿದ್ದನ್ನೂ ಲೇಪಿಸಿದ್ದನ್ನೂ ‘ಕೃತಕ’ವೆಂಬ ಒಂದೇ ಮಾತಿನಿಂದ ಕರೆಯುವ ನಮ್ಮ ರೂಢಿ ಗೊಂದಲಕ್ಕೆ ಅನುಕೂಲವಾಗಿದೆ. ಚಿಪ್ಪಿನ ಮಣಿಗೆ ಲೇಪವಿತ್ತು ‘ಚಿಪ್ಪಿನ ಮುತ್ತು’ ಎಂದರೆ ಅದು ಅಕ್ಷರಶಃ ಸುಳ್ಳಲ್ಲ, ಆದರೆ ಕೇಳಿದವನು ಬೇರೆಯದನ್ನೇ ತಿಳಿಯುತ್ತಾನೆ. ‘ಹೈದರಾಬಾದ್ ಮುತ್ತು’ ಎಂಬುದೂ ವ್ಯಾಪಾರದ ಊರಿನ ಹೆಸರೇ ಹೊರತು ಮುತ್ತು ಹುಟ್ಟಿದ ನೀರಿನದಲ್ಲ.

ಹಲ್ಲಿಗೆ ಮೆಲ್ಲನೆ ಉಜ್ಜಿದರೆ ನಿಜವಾದುದು ತುಸು ಮರಳಾಗಿಯೂ ಲೇಪದ್ದು ನುಣುಪಾಗಿಯೂ ತೋರುವುದು ಸಾಮಾನ್ಯ. ಸಹಜವೋ ಸಾಕಿದ್ದೋ ಎಂದು ತಿಳಿಯಲು ಮಾತ್ರ ಎಕ್ಸ್‌ರೇ ಪರೀಕ್ಷೆ ಬೇಕು. ಆಭರಣದ ಹಾಲ್‌ಮಾರ್ಕ್ ಚಿನ್ನದ ಶುದ್ಧಿಯನ್ನಷ್ಟೇ ಹೇಳುತ್ತದೆ, ಮುತ್ತಿನದನ್ನಲ್ಲ.

ವಸ್ತುವನ್ನು ಸುಳ್ಳಾಗಿ ವರ್ಣಿಸುವ ಜಾಹೀರಾತು 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಪ್ರಕಾರ ದಾರಿತಪ್ಪಿಸುವಂಥದು. ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದಾದುದರಿಂದ, ಸರವನ್ನು ಹೈದರಾಬಾದಿನಲ್ಲಿ ಕೊಂಡ ಬೈಂದೂರಿನವರೂ ಎರಡು ವರ್ಷಗಳೊಳಗೆ ಉಡುಪಿಯ ಜಿಲ್ಲಾ ಆಯೋಗಕ್ಕೆ ಹೋಗಬಹುದು. ಮುತ್ತಿನ ಬಗೆಯನ್ನು ಬರೆದ ರಸೀದಿ ಕೈಯಲ್ಲಿದ್ದರೆ ವಾದ ಸುಲಭ.