ಟಚಿಂಗ್ ಮೇಜಿನ ಕಸುಬು

ಕಪ್ಪು-ಬಿಳುಪಿನ ಕಾಲದ ಫೋಟೊ ಸ್ಟುಡಿಯೊದಲ್ಲಿ ಒಂದು ಭಾವಚಿತ್ರ ಮೂರು ಕಡೆ ರೂಪುಗೊಳ್ಳುತ್ತಿತ್ತು: ಕ್ಯಾಮೆರಾ ಇದ್ದ ಕೋಣೆ, ಡಾರ್ಕ್‌ರೂಮ್ ಮತ್ತು ಟಚಿಂಗ್ ಮೇಜು. ಈ ಮೂರನೆಯದು ಗಿರಾಕಿಗಳ ಕಣ್ಣಿಗೆ ಬೀಳುತ್ತಿರಲಿಲ್ಲ. ಆದರೆ ಗಂಡಿನ ಮನೆಗೆ ಕಳಿಸುವ ಹುಡುಗಿಯ ಫೋಟೊ ಆ ಮೇಜನ್ನು ದಾಟದೆ ಹೊರಗೆ ಬರುತ್ತಿದ್ದುದು ಅಪರೂಪ.

ಮೊದಲ ಕೆಲಸ ಬೆಳಕಿನದು. ವಿದ್ಯುತ್ ದೀಪಗಳಿಗೂ ಮುಂಚಿನ ಸ್ಟುಡಿಯೊಗಳಿಗೆ ಗಾಜಿನ ಮಾಡು ಇಲ್ಲವೇ ಉತ್ತರಕ್ಕೆ ತೆರೆದ ದೊಡ್ಡ ಕಿಟಕಿ ಇರುತ್ತಿತ್ತು. ಉತ್ತರದ ಕಿಟಕಿಗೆ ನೇರ ಬಿಸಿಲು ಕಡಿಮೆ. ಬಿದ್ದರೂ ಬಿಳಿ ಪರದೆ ಎಳೆದರೆ ಬೆಳಕು ಮೆದುವಾಗುತ್ತದೆ. ಅದು ಮುಖದ ಮೇಲೆ ಒಂದು ಪಕ್ಕದಿಂದ, ತುಸು ಎತ್ತರದಿಂದ ಬೀಳಬೇಕು. ಎದುರಿನಿಂದಲೇ ಬಂದರೆ ಮುಖ ಚಪ್ಪಟೆ, ನೆತ್ತಿಯ ಮೇಲಿಂದ ಬಂದರೆ ಕಣ್ಣುಗುಳಿ ಕಪ್ಪು. ನೆರಳಿನ ಬದಿಗೆ ಬಿಳಿ ಬಟ್ಟೆ ಬಿಗಿದ ಹಲಗೆ ನಿಲ್ಲಿಸಿದರೆ ಅಲ್ಲಿಗೂ ಅಷ್ಟಿಷ್ಟು ಬೆಳಕು ಹಾಯುತ್ತದೆ.

ಕೂರಿಸುವ ಕ್ರಮ ಸರಳ. ಭುಜ ತುಸು ಓರೆ, ನೋಟ ಕ್ಯಾಮೆರಾದತ್ತ, ಕ್ಯಾಮೆರಾ ಕಣ್ಣಿನ ಮಟ್ಟದಲ್ಲಿ, ಫೋಕಸ್ ಹತ್ತಿರದ ಕಣ್ಣಿಗೆ. ಕ್ಯಾಮೆರಾ ಐದಾರು ಅಡಿ ದೂರ ಇರಬೇಕು. ತೀರ ಹತ್ತಿರ ಬಂದರೆ ಮೂಗು ದೊಡ್ಡದಾಗಿ ಕಿವಿ ಹಿಂದೆ ಸರಿಯುತ್ತದೆ. ಹಿಂದಿನ ಪರದೆಗೂ ಕೂತವರಿಗೂ ಮೂರ್ನಾಲ್ಕು ಅಡಿ ಅಂತರವಿದ್ದರೆ ನೆರಳು ಪರದೆಯ ಮೇಲೆ ಬೀಳುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಹಳೆಯ ಫಿಲ್ಮಿನದೊಂದು ಐಬು ಉಳಿಯುತ್ತಿತ್ತು. ಆರ್ಥೊಕ್ರೊಮ್ಯಾಟಿಕ್ ಪ್ಲೇಟು, ಫಿಲ್ಮುಗಳು ನೀಲಿ ಮತ್ತು ಹಸಿರು ಬೆಳಕನ್ನು ಹಿಡಿಯುತ್ತಿದ್ದವು, ಕೆಂಪನ್ನು ಹಿಡಿಯುತ್ತಿರಲಿಲ್ಲ. ಡಾರ್ಕ್‌ರೂಮಿನಲ್ಲಿ ಕೆಂಪು ದೀಪ ಉರಿಸಲು ಆಗುತ್ತಿದ್ದುದು ಇದರಿಂದಲೇ. ಹಣೆಯ ಕೆಂಪು ಕುಂಕುಮ ಫೋಟೊದಲ್ಲಿ ಕಡುಕಪ್ಪಾಗುತ್ತಿದ್ದುದೂ ಇದರಿಂದಲೇ. ಕುಂಕುಮದ ಜೊತೆಗೆ ಕೆಂಪಗಿನ ಮೊಡವೆಯೂ ಕಪ್ಪು ಚುಕ್ಕೆಯಾಗಿ ಎದ್ದು ಕಾಣುತ್ತಿತ್ತು.

ಅದನ್ನು ತಿದ್ದುವುದು ಟಚಿಂಗ್. ಮೇಜಿನ ಇಳಿಜಾರು ಹಲಗೆಯ ನಡುವೆ ಮಸುಕು ಗಾಜು, ಅದರಡಿಯಲ್ಲಿ ಬೆಳಕನ್ನು ಮೇಲಕ್ಕೆ ಹೊರಳಿಸುವ ಕನ್ನಡಿ. ನೆಗೆಟಿವ್‌ಗೆ ಮೊದಲು 'ಮೀಡಿಯಂ' ಎಂಬ ಅಂಟುದ್ರವವನ್ನು ತೆಳ್ಳಗೆ ಸವರಬೇಕು, ಇಲ್ಲದಿದ್ದರೆ ಪೆನ್ಸಿಲ್ ಹತ್ತುವುದಿಲ್ಲ. ಉದ್ದಕ್ಕೆ ಹೆರೆದ ಪೆನ್ಸಿಲನ್ನು ಉಪ್ಪು ಕಾಗದದ ಮೇಲೆ ಉಜ್ಜಿ ಸೂಜಿಯಂಥ ಮೊನೆ ಬರಿಸುತ್ತಿದ್ದರು. ಮುಖದ ಮೇಲಿನ ಕಪ್ಪು ಚುಕ್ಕೆ ನೆಗೆಟಿವ್‌ನಲ್ಲಿ ತಿಳಿ ಚುಕ್ಕೆ. ಅಲ್ಲಿ ಅಲ್ಪವಿರಾಮದಷ್ಟೇ ಗೀರುಗಳನ್ನು ಒತ್ತೊತ್ತಾಗಿ ಎಳೆದು ಸುತ್ತಲಿನ ಚರ್ಮದಷ್ಟೇ ದಟ್ಟ ಮಾಡಿದರೆ ಪ್ರಿಂಟಿನಲ್ಲಿ ಚುಕ್ಕೆ ಮಾಯ. ಬೇಡದ ಹೊಳಪನ್ನು ತೆಗೆಯುವುದು ಇನ್ನೂ ಕಷ್ಟ: ನೆಗೆಟಿವ್‌ನ ಲೇಪವನ್ನೇ ಚಾಕುವಿನಿಂದ ನವಿರಾಗಿ ಹೆರೆಯಬೇಕು. ಕೈ ತಪ್ಪಿದರೆ ನೆಗೆಟಿವ್ ಕೆಟ್ಟಂತೆಯೇ.

ಭಾರತದ ಕೊನೆಯ ಸಿಡುಬು ಪ್ರಕರಣ ಕಂಡದ್ದು 1975ರಲ್ಲಿ. ಆ ಕಾಲದಲ್ಲಿ ಸಿಡುಬಿನ ಕಲೆಯ ಮುಖಗಳು ಊರೂರಲ್ಲೂ ಇದ್ದವು. ಪಕ್ಕದ ಬೆಳಕಿಗೆ ಪ್ರತಿ ಗುಳಿಯೂ ನೆರಳು ಕಟ್ಟುತ್ತದೆ. ಅಂಥ ಮುಖಕ್ಕೆ ಬೆಳಕನ್ನು ಎದುರಿಗೆ ತರುವುದು ಕ್ಯಾಮೆರಾದ ಉಪಾಯ. ಉಳಿದದ್ದನ್ನು ಪೆನ್ಸಿಲ್ ತುಂಬುತ್ತಿತ್ತು.

ಕಸುಬಿನ ನಿಜವಾದ ಜಾಣ್ಮೆ ಯಾವುದನ್ನು ಬಿಡಬೇಕು ಎಂಬುದರಲ್ಲಿತ್ತು. ಮೊಡವೆ ಹೋಗಬೇಕು, ಮಚ್ಚೆ ಉಳಿಯಬೇಕು. ಕಣ್ಣಿನಡಿಯ ಸುಕ್ಕು ತಿಳಿಯಾಗಬೇಕೇ ಹೊರತು ಅಳಿಯಬಾರದು. ನಗುವಿನ ಗೆರೆಯನ್ನು ಪೂರ್ತಿ ಮುಚ್ಚಿದರೆ ಮನೆಯವರಿಗೇ ಗುರುತು ಹತ್ತದ ಮುಖ ಉಳಿಯುತ್ತದೆ.

ಈ ಕೆಲಸಕ್ಕೆ ದೊಡ್ಡ ನೆಗೆಟಿವ್ ಬೇಕು. ಹಾಫ್ ಪ್ಲೇಟ್ ಎಂದರೆ 4¾×6½ ಇಂಚು. 24×36 ಮಿಲಿಮೀಟರಿನ ನೆಗೆಟಿವ್ ಕೊಡುವ ಫಿಲ್ಮ್ ಬಂದ ಮೇಲೆ ಪೆನ್ಸಿಲ್ ಆಡಲು ಜಾಗವೇ ಉಳಿಯಲಿಲ್ಲ. ಕಲರ್ ಲ್ಯಾಬ್‌ಗಳು ಬಂದವು, ಆಮೇಲೆ ಕಂಪ್ಯೂಟರ್. ಟಚಿಂಗ್ ಬಲ್ಲ ಕೈಗಳಿಗೆ ಕೆಲಸ ತಪ್ಪಿತು, ಕಲಿಯುವವರೂ ಬರಲಿಲ್ಲ.

ಸ್ಟುಡಿಯೊದ ಪಾಠಗಳು ಮಾತ್ರ ಮೊಬೈಲಿಗೂ ಸಲ್ಲುತ್ತವೆ. ಕಿಟಕಿಯ ಪಕ್ಕ ಕೂರಿಸಿ, ಕೋಣೆಯ ದೀಪ ಆರಿಸಿ, ಎದುರು ಬದಿಗೆ ಬಿಳಿ ಪಂಚೆಯೊಂದನ್ನು ಹಿಡಿದರೆ ಅರ್ಧ ಕೆಲಸ ಮುಗಿದಂತೆ. ಮೊಬೈಲನ್ನು ಮುಖದ ಹತ್ತಿರ ಒಯ್ಯುವ ಬದಲು ಐದಡಿ ಹಿಂದೆ ನಿಂತು 2x ಲೆನ್ಸ್ ಬಳಸಬೇಕು. ಬ್ಯೂಟಿ ಫಿಲ್ಟರ್ ಆಫ್ ಇರಲಿ: ಚರ್ಮವನ್ನೆಲ್ಲ ಒಂದೇ ಸಮ ನಯ ಮಾಡುವ ಅದಕ್ಕೆ ಎಷ್ಟೋ ಸಲ ಮೊಡವೆಗೂ ಮಚ್ಚೆಗೂ ವ್ಯತ್ಯಾಸ ತಿಳಿಯದು. ಆ ವ್ಯತ್ಯಾಸ ಕಾಯಲು ಸ್ಟುಡಿಯೊದಲ್ಲಿ ಸಂಬಳದ ಮೇಲೆ ಒಬ್ಬರಿದ್ದರು. ಈಗ ಫೋಟೊ ತೆಗೆಯುವವರೇ ಕಾಯಬೇಕು.