ಹನ್ನೆರಡೋ ಹದಿಮೂರೋ: ಬ್ರಿಡ್ಜ್ ಆಟದಲ್ಲಿ ಸ್ಲ್ಯಾಮ್ ನಿರ್ಧಾರದ ಗಣಿತ

ಐವತ್ತೆರಡು ಎಲೆಗಳನ್ನು ನಾಲ್ವರಿಗೆ ತಲಾ ಹದಿಮೂರರಂತೆ ಹಂಚಿ, ಎದುರುಬದುರು ಕುಳಿತವರು ಜೊತೆಗಾರರಾಗಿ ಆಡುವ ಕಾಂಟ್ರ್ಯಾಕ್ಟ್ ಬ್ರಿಡ್ಜಿನಲ್ಲಿ ಆಟಕ್ಕೆ ಮೊದಲು ಕೂಗಿನ ಹಂತವೊಂದಿದೆ. ಪ್ರತಿಯೊಬ್ಬರೂ ಒಂದೊಂದು ಎಲೆ ಇಳಿಸುವ ಸುತ್ತಿಗೆ ಟ್ರಿಕ್ಕು ಎಂದು ಹೆಸರು. ಹದಿಮೂರು ಟ್ರಿಕ್ಕುಗಳಲ್ಲಿ ಎಷ್ಟನ್ನು ಗೆಲ್ಲುತ್ತೇವೆಂದು ಜೋಡಿಯೊಂದು ಕೂಗಿನಲ್ಲಿಯೇ ಮಾತು ಕೊಡಬೇಕು. ಹನ್ನೆರಡರ ಮಾತು ಸ್ಮಾಲ್ ಸ್ಲ್ಯಾಮ್, ಹದಿಮೂರರ ಮಾತು ಗ್ರ್ಯಾಂಡ್ ಸ್ಲ್ಯಾಮ್. ಅಮೆರಿಕದ ಹೆರಾಲ್ಡ್ ವ್ಯಾಂಡರ್‌ಬಿಲ್ಟ್ 1925ರಲ್ಲಿ ರೂಪಿಸಿದ ಅಂಕಪದ್ಧತಿಯ ತಿರುಳೆಂದರೆ, ಕೂಗದೆ ಗೆದ್ದ ಸ್ಲ್ಯಾಮಿಗೆ ಬಹುಮಾನವಿಲ್ಲ. ಆದ್ದರಿಂದ ಕೈಗಳು ಬಲವಾಗಿದ್ದಾಗ ಎಲ್ಲಿ ನಿಲ್ಲಬೇಕೆಂಬುದು ಧೈರ್ಯದ ಪ್ರಶ್ನೆಗಿಂತ ಹೆಚ್ಚಾಗಿ ಸಂಭಾವ್ಯತೆಯ ಪ್ರಶ್ನೆಯಾಗುತ್ತದೆ.

ಈ ಪ್ರಶ್ನೆಯ ಮೊದಲ ಭಾಗಕ್ಕೆ ಅಂಕಪಟ್ಟಿಯೇ ಉತ್ತರ ಕೊಡುತ್ತದೆ. ಆಟೀನು ತುರುಪಾಗಿದ್ದು, ಜೋಡಿಯು ಬಹುಮಾನ ಮತ್ತು ದಂಡ ಎರಡನ್ನೂ ಹಿಗ್ಗಿಸುವ ವಲ್ನರಬಲ್ ಸ್ಥಿತಿಯಲ್ಲಿ ಇಲ್ಲದಿದ್ದರೆ, ಸ್ಮಾಲ್ ಸ್ಲ್ಯಾಮ್ ಕೂಗಿ ಗೆದ್ದವರಿಗೆ 980 ಅಂಕ ಬರುತ್ತದೆ. ಹತ್ತು ಟ್ರಿಕ್ಕುಗಳ ಮಾತಿಗೆ, ಅಂದರೆ ಗೇಮ್ ಎನ್ನುವ ಮಟ್ಟಕ್ಕೆ, ನಿಂತು ಹನ್ನೆರಡನ್ನು ಗೆದ್ದವರಿಗೆ 480 ಮಾತ್ರ. ಹನ್ನೊಂದೇ ಟ್ರಿಕ್ಕು ದಕ್ಕಿದರೆ ಮೊದಲಿನವರು 50 ಅಂಕ ದಂಡ ತೆರುತ್ತಾರೆ, ಗೇಮಿಗೆ ನಿಂತವರು 450 ಪಡೆಯುತ್ತಾರೆ. ಲಾಭವೂ 500, ನಷ್ಟವೂ 500 ಆಗಿರುವುದರಿಂದ ಗೆಲುವಿನ ಸಾಧ್ಯತೆ ಶೇ. 50ನ್ನು ದಾಟಿದರೆ ಕೂಗುವುದು ಸರಿ. ವಲ್ನರಬಲ್ ಆಗಿದ್ದರೆ ಎರಡೂ ಬದಿಯಲ್ಲಿ 750 ಇರುತ್ತದೆ, ಗಡಿ ಬದಲಾಗುವುದಿಲ್ಲ. ಗ್ರ್ಯಾಂಡ್ ಸ್ಲ್ಯಾಮಿನಲ್ಲಿ ಈ ಸಮತೋಲ ಕೆಡುತ್ತದೆ: ಹದಿಮೂರನೆಯ ಟ್ರಿಕ್ಕಿಗೆ ಕೈಯಿಟ್ಟು ಗೆದ್ದರೆ ಹೆಚ್ಚುವರಿ ಲಾಭ 500, ಸೋತರೆ ಕೈಗೆ ಬಂದಿದ್ದ 980 ಹೋಗಿ ಮೇಲೆ 50ರ ದಂಡ, ಒಟ್ಟು 1030ರ ನಷ್ಟ. ಹಾಗಾಗಿ ಬೇಕಾಗುವ ಸಾಧ್ಯತೆ ಸುಮಾರು ಶೇ. 67.

ತಂಡಗಳ ಪಂದ್ಯದಲ್ಲಿ ಲೆಕ್ಕ ಇನ್ನೂ ಸೂಕ್ಷ್ಮವಾಗುತ್ತದೆ. ಅಲ್ಲಿ ಅವೇ ಎಲೆಗಳನ್ನು ಎರಡು ಮೇಜುಗಳಲ್ಲಿ ಆಡಿಸಿ, ಫಲಿತಾಂಶಗಳ ಅಂತರವನ್ನು ಐ.ಎಂ.ಪಿ. ಎಂಬ ಅಂಕಗಳಿಗೆ ಇಳಿಸುತ್ತಾರೆ. ಅಂತರ ದೊಡ್ಡದಾದಷ್ಟೂ ಈ ಅಳತೆ ಅದನ್ನು ಕುಗ್ಗಿಸುತ್ತದೆ. 500ರ ಅಂತರಕ್ಕೆ 11, 1030ಕ್ಕೆ 14 ಮಾತ್ರ. ಎದುರು ತಂಡದವರು ಇನ್ನೊಂದು ಮೇಜಿನಲ್ಲಿ ಸ್ಮಾಲ್ ಸ್ಲ್ಯಾಮ್ ಕೂಗಿದ್ದಾರೆಂದಾದರೆ, ಗ್ರ್ಯಾಂಡ್ ಸ್ಲ್ಯಾಮಿಗೆ ಶೇ. 56 ಸಾಕು. ಆದರೆ ಅವರು ಗೇಮಿನಲ್ಲಿಯೇ ನಿಂತಿದ್ದರೆ, ಹನ್ನೆರಡಕ್ಕೆ ತೃಪ್ತರಾದವರಿಗೆ ಆಗಲೇ 11 ದಕ್ಕಿರುತ್ತದೆ. ಹದಿಮೂರು ಕೂಗಿ ಗೆದ್ದರೆ ಅದು 14 ಆಗುತ್ತದೆ, ಸೋತರೆ 11ರ ನಷ್ಟವಾಗಿ ತಿರುಗುತ್ತದೆ. ಮೂರರ ಆಸೆಗೆ ಇಪ್ಪತ್ತೆರಡನ್ನು ಒಡ್ಡುವ ಈ ಪಣ ಲಾಭದಾಯಕವಾಗಲು ಶೇ. 88 ಬೇಕು. ಎಲೆಗಳು ಅವೇ ಆಗಿದ್ದರೂ ಕಾಣದ ಮೇಜಿನ ಊಹೆಯೊಂದರಿಂದ ಗಡಿ ಇಷ್ಟು ಸರಿಯುತ್ತದೆಂಬುದನ್ನು ಅನುಭವಿಗಳೂ ಆಗಾಗ ಮರೆಯುತ್ತಾರೆ.

ಗಡಿ ಗೊತ್ತಾದ ಮೇಲೆ ಉಳಿಯುವುದು ಸಾಧ್ಯತೆಯನ್ನು ಎಣಿಸುವ ಕೆಲಸ. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಎಂದು ಲೆಕ್ಕ ಹಾಕಿದರೆ ಕಟ್ಟಿನಲ್ಲಿ ಒಟ್ಟು 40 ಅಂಕಗಳಿವೆ. ತುರುಪಿಲ್ಲದ ಸ್ಮಾಲ್ ಸ್ಲ್ಯಾಮಿಗೆ 33 ಬೇಕೆಂಬ ರೂಢಿಯ ಹಿಂದೆ, ಉಳಿದ 7ರಲ್ಲಿ ಎದುರಾಳಿಗಳಿಗೆ ಎರಡು ಎಕ್ಕ ಇರಲಾರವೆಂಬ ಸರಳ ತರ್ಕವಿದೆ. ಅದಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಹಂಚಿಕೆಯ ಗಣಿತ. ಎದುರಾಳಿಗಳಲ್ಲಿ ಒಂದು ಬಣ್ಣದ ಐದು ಎಲೆಗಳಿದ್ದರೆ ಅವು 3-2 ಆಗಿ ಒಡೆಯುವ ಸಾಧ್ಯತೆ ಸುಮಾರು ಶೇ. 68. ರಾಜ ಯಾವ ಬದಿಯಲ್ಲಿದೆಯೆಂದು ಊಹಿಸಿ, ಎಕ್ಕ ಕೈಯಲ್ಲಿದ್ದರೂ ರಾಣಿಯಿಂದಲೇ ಟ್ರಿಕ್ಕು ಗೆಲ್ಲಲು ನೋಡುವ ಫಿನೆಸ್ ಎಂಬ ಉಪಾಯ ಫಲಿಸುವ ಸಾಧ್ಯತೆ ಶೇ. 50. ಸ್ಲ್ಯಾಮಿಗೆ ಇವೆರಡೂ ಕೂಡಿಬರಬೇಕೆಂದಾದರೆ ಗೆಲುವು ಸುಮಾರು ಶೇ. 34ಕ್ಕೆ ಇಳಿಯುತ್ತದೆ, ಎರಡರಲ್ಲಿ ಒಂದು ಸಾಕೆಂದಾದರೆ, ಮತ್ತು ಒಂದನ್ನು ಪರೀಕ್ಷಿಸಿ ಸೋತ ಮೇಲೂ ಇನ್ನೊಂದಕ್ಕೆ ಅವಕಾಶ ಉಳಿಯುವುದಾದರೆ, ಶೇ. 84ಕ್ಕೆ ಏರುತ್ತದೆ.

ಆದರೂ ಆಟ ಮುಗಿದ ಮೇಲೆ ಈ ಶೇಕಡಾಗಳನ್ನು ಬದಿಗಿಟ್ಟು ಫಲಿತಾಂಶದಿಂದಲೇ ಕೂಗನ್ನು ಅಳೆಯುವುದು ಮನುಷ್ಯಸ್ವಭಾವ. ಜೊನಾಥನ್ ಬ್ಯಾರನ್ ಮತ್ತು ಜಾನ್ ಹರ್ಷಿ ಎಂಬ ಸಂಶೋಧಕರು 1988ರಲ್ಲಿ ಇದೇ ಪ್ರವೃತ್ತಿಯನ್ನು ಪ್ರಯೋಗಗಳಿಂದ ತೋರಿಸಿದರು: ನಿರ್ಧಾರದ ಸಮಯಕ್ಕೆ ಲಭ್ಯವಿದ್ದ ಮಾಹಿತಿ ಒಂದೇ ಆಗಿದ್ದರೂ, ಫಲ ಕೆಟ್ಟದಾದಾಗ ಜನ ನಿರ್ಧಾರವನ್ನೂ ಕೆಟ್ಟದೆನ್ನುತ್ತಾರೆ. ಬ್ರಿಡ್ಜಿನ ಇತಿಹಾಸದಲ್ಲಿ ಇದಕ್ಕೆ ತಕ್ಕ ಉದಾಹರಣೆ 1975ರಲ್ಲಿ ಬರ್ಮುಡಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ಪಿನ ಫೈನಲ್. ಅದರ 92ನೇ ಹಂಚಿಕೆಯಲ್ಲಿ ಇಟಲಿಯ ಬೆಲ್ಲಡೊನ್ನಾ ಮತ್ತು ಗರೊಝೊ ಕಳಾವರ್ ತುರುಪಿನ ಗ್ರ್ಯಾಂಡ್ ಸ್ಲ್ಯಾಮಿಗೆ ಏರಿದರು. ಡಮ್ಮಿಯಲ್ಲಿ, ಅಂದರೆ ಮೇಜಿನ ಮೇಲೆ ಬಿಚ್ಚಿಟ್ಟ ಜೊತೆಗಾರನ ಕೈಯಲ್ಲಿ, ತುರುಪಿನ ಎಕ್ಕ, ರಾಣಿ ಎರಡೇ ಇದ್ದವು. ರಾಜ ಸರಿಯಾದ ಬದಿಯಲ್ಲಿದ್ದರಷ್ಟೇ ಸಾಲದು, ಅದರ ಜೊತೆ ಒಂದೇ ಒಂದು ತುರುಪು ಇರಬೇಕಿತ್ತು. ಎದುರಾಳಿಗಳಲ್ಲಿ ಐದು ತುರುಪುಗಳಿರುವಾಗ ಅಂಥ ಹಂಚಿಕೆಯ ಸಾಧ್ಯತೆ ಸುಮಾರು ಶೇ. 14. ಅಮೆರಿಕದ ಎಡ್ಡಿ ಕ್ಯಾಂಟರ್ ಕೈಯಲ್ಲಿ ರಾಜ ಮತ್ತು ಹತ್ತು ಮಾತ್ರ ಇದ್ದವು, ಸ್ಲ್ಯಾಮ್ ಗೆದ್ದಿತು, ಇಟಲಿ ಚಾಂಪಿಯನ್ ಆಯಿತು. ಆ ಒಂದು ಕೂಗು ಸೋತಿದ್ದರೆ ಪ್ರಶಸ್ತಿ ಅಮೆರಿಕದ ಪಾಲಾಗುತ್ತಿತ್ತು. ಕೂಗು ಮಾತ್ರ ಕೆಟ್ಟದ್ದೇ.

ಇಂದು ಇಂಥ ವಿಮರ್ಶೆಗೆ ಕಂಪ್ಯೂಟರ್ ನೆರವಾಗುತ್ತದೆ. ಕೂಗುವವನಿಗೆ ತನ್ನ ಹದಿಮೂರು ಎಲೆಗಳಷ್ಟೇ ಕಾಣುವುದರಿಂದ, ಜೊತೆಗಾರನ ಕೈಯನ್ನು ಬಿಚ್ಚಿಟ್ಟು ಎಣಿಸಿದ ಶೇಕಡಾವೂ ಅವನ ಮಟ್ಟಿಗೆ ಹಿನ್ನೋಟವೇ. ಅದಕ್ಕೆ ಬದಲಾಗಿ, ಅವನ ಕೈಯನ್ನು ಸ್ಥಿರವಾಗಿಟ್ಟು, ಆವರೆಗಿನ ಕೂಗುಗಳಿಗೆ ಹೊಂದುವ ಸಾವಿರಾರು ಹಂಚಿಕೆಗಳನ್ನು ಯಾದೃಚ್ಛಿಕವಾಗಿ ಸೃಷ್ಟಿಸಿ, ಪ್ರತಿಯೊಂದರಲ್ಲಿಯೂ ಎಷ್ಟು ಟ್ರಿಕ್ಕುಗಳು ದಕ್ಕುತ್ತವೆಂದು ತಂತ್ರಾಂಶ ಲೆಕ್ಕ ಹಾಕುತ್ತದೆ. ನೂರೇ ಹಂಚಿಕೆಗಳಿಂದ ಹೊರಟ ಶೇ. 50 ಎಂಬ ಉತ್ತರ ಹತ್ತರಷ್ಟು ಆಚೀಚೆ ಇರಬಹುದು, ಸಾವಿರದಿಂದ ಬಂದದ್ದು ಮೂರರಷ್ಟು. ಇದರಾಚೆ ಇನ್ನೊಂದು ದೋಷವೂ ಇದೆ: ತಂತ್ರಾಂಶವು ನಾಲ್ಕೂ ಕೈಗಳನ್ನು ನೋಡಿಯೇ ಆಡಿಸುವುದರಿಂದ, ಕಾಣೆಯಾದ ರಾಣಿಯನ್ನು ಎರಡರಲ್ಲಿ ಯಾವ ಬದಿಯಿಂದಾದರೂ ಹಿಡಿಯಬಹುದಾದಾಗ ಅದು ಎಂದೂ ತಪ್ಪುವುದಿಲ್ಲ, ಮನುಷ್ಯ ಅರ್ಧದಷ್ಟು ಸಲ ತಪ್ಪಬಲ್ಲ. ಅಂಥ ಊಹೆಯನ್ನು ನೆಚ್ಚಿದ ಗ್ರ್ಯಾಂಡ್ ಸ್ಲ್ಯಾಮಿಗೆ ತಂತ್ರಾಂಶ ಕೊಡುವ ಅಂಕಿಯನ್ನು ಓದುಗರು ಇದ್ದಂತೆಯೇ ಸ್ವೀಕರಿಸದೆ ತಗ್ಗಿಸಿಕೊಂಡೇ ಓದಬೇಕು.